ವೆಂಕಟರಮಣನ ಮನೆಯಲ್ಲೇ ಇದ್ದವರಿಗೆ ಸಂಕಟ ಬಂದರೆ

'ಸಂಕಟ ಬಂದಾಗ ವೆಂಕಟರಮಣ' ಅನ್ನೋ ಗಾದೆಯನ್ನು ನಮ್ಮೂರಲ್ಲಿ ಯಾರೂ ಹೊಗಳೋದಕ್ಕೆ ಬಳಸಲ್ಲ. ವರ್ಷವಿಡೀ ಗುಡಿ ಕಡೆ ತಲೆ ಹಾಕದವನು ಮಗನ ಪಿಯುಸಿ ರಿಸಲ್ಟ್ ಹಿಂದಿನ ದಿನ ಹಣ್ಣುಕಾಯಿ ಹಿಡಿದುಕೊಂಡು ಬಂದರೆ, ಕಾಯಿ ಒಡೆದುಕೊಡೋ ಪೂಜಾರಪ್ಪನೇ ನಗ್ತಾ ಈ ಮಾತು ಹೇಳ್ತಾನೆ. ಬೆಂಗಳೂರಿಗೆ ಬಂದ ಮೇಲೂ ನಮ್ಮ ಕತೆ ಬದಲಾಗಿಲ್ಲ. ಅಪ್ರೈಸಲ್ ತಿಂಗಳಲ್ಲಿ, ವೀಸಾ ಇಂಟರ್‌ವ್ಯೂ ದಿನ, ಸ್ಕ್ಯಾನಿಂಗ್ ರಿಪೋರ್ಟ್ ಕೈಗೆ ಬರುವ ತನಕ ನಾವೆಲ್ಲ ಆಸ್ತಿಕರೇ. ರಿಪೋರ್ಟ್ ನಾರ್ಮಲ್ ಅಂತ ಬಂದ ಮೇಲೆ ಮತ್ತೆ ಮುಂದಿನ ಸಂಕಟದ ತನಕ ವೆಂಕಟರಮಣನಿಗೆ ರಜೆ.

ಈ ಗಾದೆ ಮಾತಾಡುವುದು ಬೇರೆಲ್ಲೋ ಇದ್ದು, ಕಷ್ಟ ಬಂದಾಗ ದೇವರ ಕಡೆ ಓಡಿಬರುವವರ ಬಗ್ಗೆ. ಮೊದಲಿನಿಂದಲೂ ವೆಂಕಟರಮಣನ ಮನೆಯಲ್ಲೇ ಇದ್ದವರಿಗೆ ಸಂಕಟ ಬಂದರೆ ಏನಾಗುತ್ತೆ? ಅವರು ಓಡಿಹೋಗೋದಕ್ಕೆ ಬೇರೆ ಜಾಗ ಇಲ್ಲ. ಹೊಸದಾಗಿ ಹರಕೆ ಹೊರೋಣ ಅಂದರೆ ಇಡೀ ಜೀವನವೇ ಹರಕೆಯಾಗಿಹೋಗಿದೆ. ಎರಡು ವರ್ಷದಿಂದ ನನ್ನ ತಲೆ ತಿನ್ನುತ್ತಿರುವ ಪ್ರಶ್ನೆ ಇದು. ಅದಕ್ಕೆ ಉತ್ತರ ಹುಡುಕುತ್ತಾ ನಾನು ಹೋಗಿ ನಿಂತದ್ದು ನನಗೆ ಏನೇನೂ ಸಂಬಂಧವಿಲ್ಲದ ಒಂದು ಕಡೆ, ವಯಸ್ಸಾದ ಕ್ಯಾಥೊಲಿಕ್ ಪಾದ್ರಿಗಳ ಹತ್ತಿರ.

ಸಂಬಂಧ ಹೇಗೆ ಬಂತು ಅಂತ ಹೇಳಿಬಿಡ್ತೀನಿ. ಎರಡು ವರ್ಷದ ಹಿಂದೆ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಜೊತೆಗೆ ಮಾತು. ತೆಂಗಿನ ತೋಟ, ಕೊಬ್ಬರಿ ರೇಟು, ಪಂಚಾಯ್ತಿ ರಾಜಕೀಯ ಎಲ್ಲದರ ಬಗ್ಗೆಯೂ ಗಂಟೆಗಟ್ಟಲೆ ಮಾತಾಡುತ್ತಿದ್ದ ಮನುಷ್ಯ 'ನೀರು' ಅನ್ನೋ ಎರಡಕ್ಷರಕ್ಕೆ ತಡಕಾಡುವಂತಾಯಿತು. ಬೆಂಗಳೂರಿಗೆ ಕರೆದುಕೊಂಡು ಬಂದು ಸ್ಪೀಚ್ ಥೆರಪಿ ಶುರು ಮಾಡಿಸಿದೆ. ಅಲ್ಲಿ ವಾರಕ್ಕೆರಡು ಸಲ ನಮ್ಮದೇ ಹೊತ್ತಿಗೆ ಒಬ್ಬ ಫಾದರ್ ಬರುತ್ತಿದ್ದರು. ಎಂಬತ್ತು ದಾಟಿದವರು, ಪಾರ್ಕಿನ್ಸನ್ಸ್. ಆ ಕಾಯಿಲೆಯಲ್ಲಿ ಕೈ ನಡುಗುವುದಷ್ಟೇ ಅಲ್ಲ, ದನಿಯೂ ತಗ್ಗುತ್ತಾ ಹೋಗುತ್ತದೆ. ತಾನು ಜೋರಾಗೇ ಮಾತಾಡ್ತಿದೀನಿ ಅಂತ ರೋಗಿಗೆ ಅನ್ನಿಸುತ್ತಿರುತ್ತೆ, ಎದುರಿಗಿದ್ದವರಿಗೆ ಕೇಳಿಸಲ್ಲ. ಥೆರಪಿಸ್ಟ್ ಹುಡುಗಿ "ಇನ್ನೂ ಜೋರಾಗಿ ಫಾದರ್, ಇನ್ನೂ ಜೋರಾಗಿ" ಅಂತ ಕೂಗಿಸುತ್ತಿದ್ದಳು. ನಲವತ್ತು ವರ್ಷ ಪೀಠದ ಮೇಲೆ ನಿಂತು ಪ್ರಸಂಗ ಮಾಡಿದ ಮನುಷ್ಯನಿಗೆ!

ಅದೇ ಸಮಯದಲ್ಲಿ ನಮ್ಮ ಮನೆಗೆ ಬರೋ ನೆಂಟರಿಂದ ನಾನು ಎರಡು ಮಾತು ಪದೇ ಪದೇ ಕೇಳುತ್ತಿದ್ದೆ. ಒಂದು, ಕರ್ಮ ಕಳೀತಿದೆ. ಎರಡು, ದೇವರು ಪರೀಕ್ಷೆ ಮಾಡ್ತಿದ್ದಾನೆ, ಒಳ್ಳೆಯವರನ್ನೇ ಅವನು ಪರೀಕ್ಷೆ ಮಾಡೋದು. ಹೇಳುವವರೆಲ್ಲ ಪ್ರೀತಿಯಿಂದಲೇ ಹೇಳುತ್ತಿದ್ದರು, ಅತ್ತೆಯಂತೂ ಅಳುತ್ತಾ ಹೇಳುತ್ತಿದ್ದಳು. ಆದರೆ ಮಂಚದ ಮೇಲೆ ಮಲಗಿದ್ದ ಅಪ್ಪನಿಗೆ ಎಲ್ಲವೂ ಕೇಳಿಸುತ್ತಿತ್ತು. ಉತ್ತರ ಕೊಡೋ ಶಕ್ತಿ ಮಾತ್ರ ಇರಲಿಲ್ಲ.

ಒಂದು ದಿನ ಥೆರಪಿಗೆ ಕಾಯುತ್ತಾ ಕೂತಿದ್ದಾಗ ಫಾದರ್ ಅಪ್ಪನನ್ನು ನೋಡಿ, "ನಮ್ಮ ದೊಡ್ಡವರೊಬ್ಬರಿಗೂ ಹೀಗೇ ಆಗಿತ್ತು ಯಜಮಾನ್ರೇ" ಅಂದರು. ಆ ದೊಡ್ಡವರು ಯಾರು ಅಂತ ಆಮೇಲೆ ನನಗೆ ಹೇಳಿದರು. ಪೆದ್ರೊ ಅರುಪೆ.

ಅರುಪೆ ಸ್ಪೇನ್ ದೇಶದ ಬಾಸ್ಕ್ ನಾಡಿನವರು, ಹುಟ್ಟಿದ್ದು 1907ರಲ್ಲಿ, ಬಿಲ್ಬಾವೊ ಪಟ್ಟಣದಲ್ಲಿ. ಮ್ಯಾಡ್ರಿಡ್‌ನಲ್ಲಿ ಡಾಕ್ಟರಿಕೆ ಓದುತ್ತಿದ್ದವರು ಅರ್ಧಕ್ಕೆ ಬಿಟ್ಟು ಯೇಸುಸಭೆ ಸೇರಿದರು. ನಮ್ಮಲ್ಲಿ ಜೆಸ್ವಿಟ್ ಅಂತಾರಲ್ಲ, ಅದೇ. ಮಂಗಳೂರಿನ ಸೇಂಟ್ ಅಲೋಶಿಯಸ್, ಬೆಂಗಳೂರಿನ ಸೇಂಟ್ ಜೋಸೆಫ್ಸ್ ನಡೆಸುವವರು ಇದೇ ಸಭೆಯವರು. ಅರುಪೆ ಅವರನ್ನು ಜಪಾನಿಗೆ ಕಳಿಸಿದರು. 1941ರ ಡಿಸೆಂಬರಿನಲ್ಲಿ ಗೂಢಚಾರ ಎಂಬ ಅನುಮಾನದ ಮೇಲೆ ಅಲ್ಲಿಯ ಪೊಲೀಸರು ಹಿಡಿದು, ಒಂದು ತಿಂಗಳಿಗೂ ಹೆಚ್ಚು ಕಾಲ ಒಂಟಿ ಸೆರೆಯಲ್ಲಿಟ್ಟರು. 1945ರ ಆಗಸ್ಟ್ 6ರಂದು ಹಿರೋಶಿಮಾ ಮೇಲೆ ಬಾಂಬ್ ಬಿದ್ದಾಗ ಅವರು ಊರಾಚೆಯ ನಾಗತ್ಸುಕಾದಲ್ಲಿ ಹೊಸದಾಗಿ ಸಭೆ ಸೇರಿದ ಹುಡುಗರಿಗೆ ಗುರುವಾಗಿದ್ದರು. ಆ ಮನೆಯನ್ನೇ ಆಸ್ಪತ್ರೆ ಮಾಡಿ, ಅರ್ಧ ಓದಿದ ಡಾಕ್ಟರಿಕೆಯನ್ನು ನೆನಪು ಮಾಡಿಕೊಂಡು, ಬೋರಿಕ್ ಆಸಿಡ್ ಬಿಟ್ಟರೆ ಹೆಚ್ಚು ಔಷಧಿಯೂ ಇಲ್ಲದೆ ನೂರೈವತ್ತರಷ್ಟು ಜನರ ಸುಟ್ಟ ಗಾಯಗಳನ್ನು ತೊಳೆದರು.

ಇಲ್ಲಿಯ ತನಕ ಇದು ಸಾಹಸದ ಕತೆ. ಕಷ್ಟ ಬಂತು, ಮನುಷ್ಯ ಎದುರಿಸಿದ. ಇಂಥ ಕತೆ ನಮಗೆಲ್ಲ ಇಷ್ಟ, ಲಿಂಕ್ಡ್‌ಇನ್‌ನಲ್ಲಿ ಹಾಕಬಹುದಾದಂಥದ್ದು. ನನಗೆ ಬೇಕಾದದ್ದು ಇದರ ನಂತರದ ಭಾಗ.

1965ರಲ್ಲಿ ಅರುಪೆ ಇಡೀ ಯೇಸುಸಭೆಯ ಮುಖ್ಯಸ್ಥರಾದರು. ಆಗ ಸಭೆಯಲ್ಲಿ ಇದ್ದದ್ದು 36 ಸಾವಿರದಷ್ಟು ಜನ. ಅವರ ಅವಧಿ ಮುಗಿಯುವ ಹೊತ್ತಿಗೆ 26 ಸಾವಿರದ ಆಸುಪಾಸಿಗೆ ಇಳಿದಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಭಯಂಕರ ಅಟ್ರಿಶನ್. ದೇವರ ಸೇವೆ ಬೇರೆ, ನ್ಯಾಯಕ್ಕಾಗಿ ದುಡಿಯೋದು ಬೇರೆ ಅಲ್ಲ ಅನ್ನುವ ದಿಕ್ಕಿಗೆ ಅವರು ಸಭೆಯನ್ನು ತಿರುಗಿಸಿದರು. ವ್ಯಾಟಿಕನ್‌ನಲ್ಲಿ ಕೆಲವರಿಗೆ ಅದು ಹಿಡಿಸಲಿಲ್ಲ. 1980ರಲ್ಲಿ ವಯಸ್ಸಾಯಿತು, ಬಿಡುತ್ತೇನೆ ಅಂದರು. ಪೋಪ್ ಎರಡನೇ ಜಾನ್ ಪಾಲ್ ಈಗ ಬೇಡ ಅಂದರು. ಮರುವರ್ಷ ಏಷ್ಯಾ ಪ್ರವಾಸ ಮುಗಿಸುತ್ತಾ ಬ್ಯಾಂಕಾಕ್‌ನಲ್ಲಿ ನಿರಾಶ್ರಿತರ ನಡುವೆ ಕೆಲಸ ಮಾಡುವವರ ಜೊತೆ ಕೂತು ಮಾತಾಡಿದರು. ಅವತ್ತು ಆಗಸ್ಟ್ 6, ಹಿರೋಶಿಮಾಕ್ಕೆ ಸರಿಯಾಗಿ 36 ವರ್ಷ. ರಾತ್ರಿ ವಿಮಾನ ಹತ್ತಿ ಬೆಳಿಗ್ಗೆ ರೋಮ್‌ನಲ್ಲಿ ಇಳಿದಾಗ ಸ್ಟ್ರೋಕ್ ಆಯಿತು. ಬಲಭಾಗ ಹೋಯಿತು, ಮಾತು ಹೋಯಿತು. ಹಲವು ಭಾಷೆ ಬಲ್ಲ ಮನುಷ್ಯನಿಗೆ ಉಳಿದದ್ದು ತಡವರಿಸುವ ಸ್ಪ್ಯಾನಿಷ್.

ದೊಡ್ಡ ಪೆಟ್ಟು ಬಿದ್ದದ್ದು ಆಮೇಲೆ. ತಮ್ಮ ಬದಲಿಗೆ ಸಭೆ ನೋಡಿಕೊಳ್ಳಲು ಅರುಪೆ ತಮ್ಮ ಸಹಾಯಕರಲ್ಲಿ ಒಬ್ಬರಾದ ವಿನ್ಸೆಂಟ್ ಓಕೀಫ್ ಅವರನ್ನು ನೇಮಿಸಿದ್ದರು. 1981ರ ಅಕ್ಟೋಬರಿನಲ್ಲಿ ಪೋಪ್ ಅವರ ಪತ್ರ ಬಂತು. ಓಕೀಫ್ ಬೇಡ, ನನ್ನ ಪ್ರತಿನಿಧಿಯಾಗಿ ಪಾವೊಲೊ ದೆತ್ಸಾ ನೋಡಿಕೊಳ್ಳುತ್ತಾರೆ ಅನ್ನುವುದು ಅದರ ತಿರುಳು. ದೆತ್ಸಾಗೆ ಆಗ 79 ವರ್ಷ. ಹದಿನಾರು ವರ್ಷ ಕಟ್ಟಿದ ಕೆಲಸದ ಮೇಲೆ ನಂಬಿಕೆ ಇಲ್ಲ ಅಂತ, ಎದ್ದು ನಿಂತು ಉತ್ತರ ಕೊಡಲಾಗದ ಸ್ಥಿತಿಯಲ್ಲಿ ಹೇಳಿಸಿಕೊಳ್ಳೋದು ಹೇಗಿರುತ್ತೆ? ಅರುಪೆ ಅತ್ತರು ಅಂತ ಅವರ ಹತ್ತಿರವಿದ್ದವರು ಹೇಳಿದ್ದಾರೆ. ಅತ್ತರು, ಆದರೆ ಪೋಪ್ ಮಾತಿಗೆ ಎದುರಾಡಲಿಲ್ಲ.

ಇಲ್ಲಿ ನನಗೆ ಒಂದು ವಿಷಯ ಮುಖ್ಯ ಅನ್ನಿಸುತ್ತೆ. ಬಾಂಬ್ ಹಾಕಿದವರು ಹೊರಗಿನವರು, ಜೈಲಿಗೆ ಹಾಕಿದವರು ಹೊರಗಿನವರು. ಈ ಪೆಟ್ಟು ಬಂದದ್ದು ಮನೆಯೊಳಗಿಂದ, ಯಾರಿಗೆ ವಿಧೇಯನಾಗಿರುತ್ತೇನೆ ಅಂತ ಮಾತು ಕೊಟ್ಟಿದ್ದರೋ ಅವರಿಂದಲೇ. ಆ ಪೋಪ್ ಕೂಡ ಅದೇ ವರ್ಷ ಮೇ 13ರಂದು ಗುಂಡೇಟು ತಿಂದು, ಆಸ್ಪತ್ರೆಯಿಂದ ಎದ್ದು ಬಂದವರು. ನೋವು ತಿಂದವರಿಗೆ ಇನ್ನೊಬ್ಬರ ನೋವು ಗೊತ್ತಾಗುತ್ತೆ ಅನ್ನೋ ನಮ್ಮ ನಂಬಿಕೆ ಎಷ್ಟು ಗಟ್ಟಿ ಅಂತ ಇದನ್ನು ಓದಿದಾಗ ಅನುಮಾನ ಬಂತು.

ಎರಡು ವರ್ಷ ಕಳೆದು 1983ರ ಸೆಪ್ಟೆಂಬರಿನಲ್ಲಿ ಸಭೆಯ ಮಹಾಸಮ್ಮೇಳನ ಸೇರಿ ಅವರ ರಾಜೀನಾಮೆ ಒಪ್ಪಿಕೊಂಡಿತು. ಅವರ ವಿದಾಯದ ಮಾತನ್ನು ಬೇರೊಬ್ಬರು ಓದಬೇಕಾಯಿತು, ಅವರು ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ. ದೇವರ ಕೈಗೆ ತಮ್ಮನ್ನು ಒಪ್ಪಿಸಿಕೊಳ್ಳೋದು ಯೌವನದಿಂದಲೂ ಇದ್ದ ಆಸೆ, ಆದರೆ ಈಗ ಲಗಾಮು ಪೂರ್ತಿ ಆತನ ಹತ್ತಿರವೇ ಇದೆ ಅನ್ನೋ ಧಾಟಿಯಲ್ಲಿತ್ತು ಅದು. ಕೊನೆಯಲ್ಲಿ ಒಂದು ಹಳೆಯ ಪ್ರಾರ್ಥನೆ. ಸಭೆಯ ಸ್ಥಾಪಕರಾದ ಲೊಯೊಲಾದ ಇಗ್ನೇಷಿಯಸ್ ಬರೆದದ್ದು, ಪ್ರತಿಯೊಬ್ಬ ಜೆಸ್ವಿಟ್ ಬಾಯಲ್ಲೂ ಇರುವಂಥದ್ದು. ನನ್ನ ಸ್ವಾತಂತ್ರ್ಯ, ನೆನಪು, ಬುದ್ಧಿ, ಇಚ್ಛೆ ಎಲ್ಲವನ್ನೂ ತೆಗೆದುಕೋ ಅಂತ ದೇವರಿಗೆ ಹೇಳುವ ಪ್ರಾರ್ಥನೆ.

ಇದನ್ನು ಓದಿದಾಗ ನಾನು ಸುಮ್ಮನೆ ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಇಪ್ಪತ್ತರ ವಯಸ್ಸಿನಲ್ಲಿ, ಎಲ್ಲ ಇರುವಾಗ, ತೆಗೆದುಕೋ ಅನ್ನೋದು ಒಂದು ಥರ. ಟರ್ಮ್ಸ್ ಅಂಡ್ ಕಂಡಿಶನ್ಸ್ ಓದದೆ ಐ ಅಗ್ರೀ ಒತ್ತಿದ ಹಾಗೆ. ಐವತ್ತು ವರ್ಷ ದಿನಾ ಹೇಳಿದ ಮೇಲೆ ಒಂದು ಬೆಳಿಗ್ಗೆ ವಿಮಾನ ನಿಲ್ದಾಣದಲ್ಲಿ ಯಾರೋ ಬಂದು ಹೇಳಿದ್ದನ್ನೆಲ್ಲ ಅಕ್ಷರಶಃ ತೆಗೆದುಕೊಂಡು ಹೋದರೆ? ಅದಾದ ಮೇಲೂ ಅದೇ ಪ್ರಾರ್ಥನೆಯನ್ನು ಹೇಳಬೇಕು ಅಂದರೆ ಅದು ಅದೇ ಪ್ರಾರ್ಥನೆ ಅಲ್ಲ. ನಂಬಿಕೆ ಆಳವಾಗೋದು ಅನ್ನೋದಕ್ಕೆ ಏನಾದರೂ ಅರ್ಥ ಇದ್ದರೆ ಅದು ಇದೇ ಇರಬೇಕು. ಪದ ಬದಲಾಗಿಲ್ಲ, ಅದಕ್ಕೆ ತೆತ್ತ ಬೆಲೆ ಬದಲಾಗಿದೆ.

ಇದಕ್ಕೊಂದು ತಕರಾರು ಇದೆ, ಮತ್ತೆ ಅದನ್ನು ನನಗೆ ನಾನೇ ಎತ್ತಿಕೊಂಡೆ. ಅಪ್ಪ ನಮ್ಮೂರ ಭಜನೆ ಮಂಡಳಿಯಲ್ಲಿ ಮೂವತ್ತು ವರ್ಷ ತಾಳ ಹಿಡಿದವರು. 'ನೀರು' ಅನ್ನಲು ಬಾರದ ಅಪ್ಪ, ಪಕ್ಕದಲ್ಲಿ ಯಾರಾದರೂ ಭಜನೆ ಶುರು ಮಾಡಿಕೊಟ್ಟರೆ ಪೂರ್ತಿ ಸಾಲು ಹಾಡಿಬಿಡುತ್ತಾರೆ. ಮೊದಲ ಸಲ ಕೇಳಿದಾಗ ಅತ್ತೆ ಕೈಮುಗಿದು ಪವಾಡ ಅಂದಳು. ಥೆರಪಿಸ್ಟ್ ಹೇಳಿದ್ದು ಬೇರೆ. ಮೆದುಳಿನ ಎಡಭಾಗಕ್ಕೆ ಪೆಟ್ಟಾದರೆ ಹೊಸದಾಗಿ ವಾಕ್ಯ ಕಟ್ಟೋದು ಹೋಗುತ್ತೆ. ಒಂದು ಎರಡು ಮೂರು ಎಣಿಸೋದು, ವಾರದ ಹೆಸರು, ಹಾಡು, ಪ್ರಾರ್ಥನೆ, ಬೈಗುಳ ಇಂಥವು ಎಷ್ಟೋ ಸಲ ಉಳಿದುಕೊಳ್ಳುತ್ತವೆ, ಯಾಕಂದ್ರೆ ಅವು ಬಾಯಿಪಾಠ. ಅಂದರೆ ದೇವರ ನಾಮವೂ ಬೈಗುಳವೂ ಒಂದೇ ಗೂಡಿನಲ್ಲಿ ಸುರಕ್ಷಿತ! ಹಾಗಾದರೆ ಮುದಿ ಪಾದ್ರಿಯ ಕೊನೆಯ ಪ್ರಾರ್ಥನೆಯನ್ನು ನಂಬಿಕೆ ಅನ್ನಬೇಕಾ, ರೂಢಿ ಅನ್ನಬೇಕಾ?

ತುಂಬ ದಿನ ಇದು ನನ್ನನ್ನು ಕಾಡಿತು. ಈಗ ನನಗೆ ಅನ್ನಿಸೋದು, ಈ ಎರಡನ್ನೂ ಬೇರೆ ಬೇರೆ ಮಾಡಿ ನೋಡೋದೇ ನಮ್ಮಂಥವರ ಕಾಯಿಲೆ. ನಂಬಿಕೆ ಅಂದರೆ ತಲೆಯೊಳಗಿನ ಒಂದು ಅಭಿಪ್ರಾಯ, ದೇವರು ಇದ್ದಾನೆ ಅಥವಾ ಇಲ್ಲ ಅನ್ನೋ ಚೆಕ್‌ಬಾಕ್ಸ್ ಅಂತ ನಾವು ತಿಳಿದಿದ್ದೀವಿ. ದಿನಾ ಐದು ಗಂಟೆಗೆ ಎದ್ದು, ಮನಸ್ಸಿರಲಿ ಬಿಡಲಿ, ಅದೇ ಮಾತನ್ನು ಅರವತ್ತು ವರ್ಷ ಹೇಳುವವನಿಗೆ ಅದು ಅಭಿಪ್ರಾಯವಾಗಿ ಉಳಿದಿರಲ್ಲ. ಎತ್ತಿನಗಾಡಿ ಓಡಾಡಿ ಓಡಾಡಿ ದಾರಿಯಲ್ಲಿ ಜಾಡು ಬೀಳುತ್ತಲ್ಲ, ಹಾಗೆ ಬಿದ್ದಿರುತ್ತೆ. ಕತ್ತಲಾದ ಮೇಲೆ, ಗಾಡಿ ಹೊಡೆಯುವವನಿಗೆ ನಿದ್ದೆ ಹತ್ತಿದ ಮೇಲೂ ಎತ್ತುಗಳು ಮನೆ ಮುಟ್ಟಿಸುವುದು ಆ ಜಾಡಿನಿಂದಲೇ. ಜಾಡನ್ನು ಕತ್ತಲೆ ಮಾಡಿದ್ದಲ್ಲ. ಜಾಡು ಇತ್ತು ಅಂತ ಗೊತ್ತಾಗಿದ್ದು ಕತ್ತಲಲ್ಲಿ.

ಹಾಗಾಗಿ 'ನೋವು ನಂಬಿಕೆಯನ್ನು ಆಳವಾಗಿಸುತ್ತೆ' ಅನ್ನೋ ಮಾತನ್ನು ನಾನು ನೇರವಾಗಿ ಒಪ್ಪಲಾರೆ. ನೋವಿಗೆ ಆ ಶಕ್ತಿ ತಾನಾಗಿ ಇದ್ದಿದ್ದರೆ ಎಲ್ಲರ ಮೇಲೂ ಒಂದೇ ಥರ ಕೆಲಸ ಮಾಡಬೇಕಿತ್ತು. ಅರುಪೆ ಕೆಲಸ ಮಾಡಿದ ಅದೇ ಜಪಾನಿನಲ್ಲಿ, ಅವರಿಗಿಂತ ಮುನ್ನೂರು ವರ್ಷ ಹಿಂದೆ ನಡೆದದ್ದು ನೋಡಿ. ಮಾರ್ಟಿನ್ ಸ್ಕಾರ್ಸೆಸೆಯ 'ಸೈಲೆನ್ಸ್' ಸಿನಿಮಾ ನೋಡಿದವರಿಗೆ ಫೆರೇರಾ ಅನ್ನೋ ಪಾತ್ರ ನೆನಪಿರುತ್ತೆ, ಲಿಯಾಮ್ ನೀಸನ್ ಮಾಡಿದ್ದು. ಅದು ಕಟ್ಟುಕತೆಯ ಪಾತ್ರ ಅಲ್ಲ. ಕ್ರಿಸ್ತೋವಾವ್ ಫೆರೇರಾ ಜಪಾನಿನ ಜೆಸ್ವಿಟರ ಮುಂದಾಳಾಗಿದ್ದ, ಐವತ್ತು ದಾಟಿದ ಪೋರ್ಚುಗೀಸ್ ಪಾದ್ರಿ. 1633ರ ಅಕ್ಟೋಬರಿನಲ್ಲಿ ನಾಗಸಾಕಿಯಲ್ಲಿ ಅವರನ್ನು ಹಗ್ಗದಲ್ಲಿ ಬಿಗಿದು ಗುಂಡಿಯೊಳಗೆ ತಲೆಕೆಳಗಾಗಿ ನೇತುಹಾಕಿದರು. ಸುಮಾರು ಐದು ಗಂಟೆಯ ನಂತರ ಅವರು ತಮ್ಮ ಧರ್ಮ ಬಿಟ್ಟೆ ಅಂತ ಸನ್ನೆ ಮಾಡಿದರು. ಆಮೇಲೆ ಜಪಾನೀ ಹೆಸರಿಟ್ಟುಕೊಂಡು ಅಲ್ಲೇ ಬದುಕಿದರು.

ಅದೇ ದಿನಗಳಲ್ಲಿ, ಅದೇ ಶಿಕ್ಷೆಗೆ ಗುರಿಯಾದವರಲ್ಲಿ ಜೂಲಿಯನ್ ನಕಾವುರಾ ಅನ್ನುವ ಜಪಾನೀ ಜೆಸ್ವಿಟ್ ಪಾದ್ರಿಯೂ ಇದ್ದರು. ಅರವತ್ತು ದಾಟಿದವರು. ಹುಡುಗನಾಗಿದ್ದಾಗ ಜಪಾನಿನಿಂದ ಹಡಗಿನಲ್ಲಿ ರೋಮ್‌ವರೆಗೆ ಹೋಗಿ ಬಂದ ಪ್ರಸಿದ್ಧ ನಾಲ್ವರಲ್ಲಿ ಒಬ್ಬರು. ಅವರು ಬಿಡಲಿಲ್ಲ, ಆ ಗುಂಡಿಯಲ್ಲೇ ಸತ್ತರು. ಚರ್ಚು 2008ರಲ್ಲಿ ಅವರನ್ನು ಪುನೀತರೆಂದು ಘೋಷಿಸಿತು.

ಇನ್‌ಪುಟ್ ಒಂದೇ, ಔಟ್‌ಪುಟ್ ಎರಡು ಥರ ಬಂದರೆ ಏನರ್ಥ? ಹೊರಗೆ ಕಾಣದ ಇನ್ನೇನೋ ಒಳಗಿದೆ ಅಂತ. ಕೋಡ್ ಬರೆಯುವ ಯಾರನ್ನು ಕೇಳಿದರೂ ಇದನ್ನೇ ಹೇಳ್ತಾರೆ. ಆದರೆ ಆ ಒಳಗಿರೋದು ನಂಬಿಕೆಯೇ ಅಂತ ಹೇಳೋದಕ್ಕೂ ನನಗೆ ಧೈರ್ಯ ಇಲ್ಲ. ಯಾರಿಗೆ ಗೊತ್ತು, ರಕ್ತನಾಳದ ಹಣೆಬರಹವೂ ಇರಬಹುದು, ಹಗ್ಗದ ಬಿಗಿಯೂ ಇರಬಹುದು. ಫೆರೇರಾ ಸೋತರು ಅಂತ ಬರೆಯೋದಕ್ಕೆ ನನಗೆ ಮನಸ್ಸು ಬರಲ್ಲ. ತಲೆನೋವು ಬಂದರೆ ಮೀಟಿಂಗ್ ಮುಂದಕ್ಕೆ ಹಾಕುವ ನಾವು ಆ ಐದು ಗಂಟೆಯ ಬಗ್ಗೆ ತೀರ್ಪು ಕೊಡಬಾರದು.

ಇನ್ನೊಂದು ಮಾತು. ನಮಗೆ ಸಿಗೋ ಕತೆಗಳು ಯಾರದು? ಅರುಪೆ ಅವರನ್ನು ಸಂತರೆಂದು ಘೋಷಿಸುವ ಪ್ರಕ್ರಿಯೆ 2019ರಲ್ಲಿ ಶುರುವಾಗಿದೆ. ಅಂಥವರ ಜೀವನವನ್ನು ಎಲ್ಲರೂ ಬರೆದಿಡುತ್ತಾರೆ. ಕಾಯಿಲೆ ಬಿದ್ದ ಮೇಲೆ ಪ್ರಾರ್ಥನೆ ಬಿಟ್ಟ, ಗೋಡೆ ಕಡೆ ಮುಖ ಮಾಡಿ ಮಲಗಿದ, ಯಾರ ಜೊತೆಯೂ ಮಾತಾಡದೆ ಹೋಗಿಬಿಟ್ಟ ಮುದಿ ಪಾದ್ರಿಗಳೂ ಇರಲೇಬೇಕಲ್ಲವಾ? ಅವರ ಬಗ್ಗೆ ಪುಸ್ತಕ ಬರಲ್ಲ. ನೋವಿನಿಂದ ಮಾಗಿದವರ ಪಟ್ಟಿ ಉದ್ದ ಕಾಣುವುದಕ್ಕೆ ಇದೂ ಒಂದು ಕಾರಣ.

ಈಗ ನೆಂಟರ ಮಾತಿಗೆ ಬರ್ತೀನಿ. ಕನ್ನಡ ವ್ಯಾಕರಣದಲ್ಲಿ 'ನಾನು' ಅನ್ನೋದಕ್ಕೆ ಉತ್ತಮ ಪುರುಷ ಅಂತಾರೆ, 'ನೀನು' ಮಧ್ಯಮ, 'ಅವನು' ಪ್ರಥಮ. ಶಾಲೆಯಲ್ಲಿ ಇದನ್ನು ಉರು ಹೊಡೆಯುವಾಗ ನಾನು ಅನ್ನೋದು ಅದೇನು ಉತ್ತಮ ಅಂತ ನಗು ಬರುತ್ತಿತ್ತು. 'ನೋವು ನನ್ನನ್ನು ಮಾಗಿಸಿತು' ಅನ್ನೋ ವಾಕ್ಯ ಉತ್ತಮ ಪುರುಷದಲ್ಲಿ ಮಾತ್ರ ಹೇಳಬಹುದಾದ ವಾಕ್ಯ. ಅರುಪೆ ತಮ್ಮ ಬಗ್ಗೆ ಹೇಳಿಕೊಂಡರೆ ಅದು ಸಾಕ್ಷಿ. ಅವರ ರಾಜೀನಾಮೆಯನ್ನು ತಡೆದು, ಆಮೇಲೆ ಮೇಲಿನಿಂದ ಆಜ್ಞೆ ಕಳಿಸಿದವರು 'ಇದರಿಂದ ಅವರ ನಂಬಿಕೆ ಆಳವಾಯಿತು' ಅಂದರೆ ಅದು ಜಾರಿಕೆ. ಮಂಚದ ಪಕ್ಕ ನಿಂತು 'ದೇವರು ನಿನ್ನನ್ನು ಮಾಗಿಸ್ತಿದ್ದಾನೆ' ಅನ್ನೋದು ಎಷ್ಟೇ ಪ್ರೀತಿಯಿದ್ದರೂ ಒಂದು ಥರದ ಹಿಂಸೆ.

ಇದು ನಾನು ಕಂಡುಹಿಡಿದದ್ದೇನಲ್ಲ. ಬೈಬಲ್ಲಿನ ಯೋಬನ ಕತೆಯಲ್ಲೇ ಇದೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳಕೊಂಡು ಬೂದಿಯಲ್ಲಿ ಕೂತ ಯೋಬನ ಹತ್ತಿರ ಮೂವರು ಗೆಳೆಯರು ಬರುತ್ತಾರೆ. ನೀನು ಏನೋ ತಪ್ಪು ಮಾಡಿರಬೇಕು ಅಂತ ಅಧ್ಯಾಯಗಟ್ಟಲೆ ವಾದಿಸುತ್ತಾರೆ. ಕೊನೆಯಲ್ಲಿ ದೇವರಿಗೆ ಸಿಟ್ಟು ಬರುವುದು ತನ್ನ ಜೊತೆ ಜಗಳ ಆಡಿದ ಯೋಬನ ಮೇಲಲ್ಲ, ತನ್ನ ಪರವಾಗಿ ವಕಾಲತ್ತು ವಹಿಸಿದ ಆ ಗೆಳೆಯರ ಮೇಲೆ. ಎರಡನೇ ಜಾನ್ ಪಾಲ್ 1984ರ ಫೆಬ್ರವರಿಯಲ್ಲಿ ಮನುಷ್ಯನ ನೋವಿನ ಬಗ್ಗೆ ಒಂದು ದೊಡ್ಡ ಪತ್ರ ಬರೆದರು. ಅದರಲ್ಲೂ ಯೋಬನ ಗೆಳೆಯರ ಲೆಕ್ಕಾಚಾರವನ್ನು ಒಪ್ಪಿಲ್ಲ. ನೋವನ್ನು ಕ್ರಿಸ್ತನ ನೋವಿನ ಜೊತೆ ಸೇರಿಸಿ ನೋಡಿ ಅಂತ ಹೇಳುತ್ತಾ ಹೋಗುವ ಆ ಪತ್ರ ಕೊನೆಯ ಹೊತ್ತಿಗೆ ಬಂದು ನಿಲ್ಲುವುದು ಒಳ್ಳೆಯ ಸಮಾರಿಯದವನ ಕತೆಯಲ್ಲಿ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡು ತತ್ವ ಹೇಳದೆ, ಗಾಯ ತೊಳೆದು ಕಟ್ಟಿ, ಛತ್ರಕ್ಕೆ ಸೇರಿಸಿ, ಖರ್ಚಿಗೆ ಕಾಸು ಕೊಟ್ಟುಹೋದ ಪರಕೀಯನ ಕತೆ ಅದು. ಅಂದರೆ ನೋವಿಗೆ ಅರ್ಥ ಹುಡುಕುವ ಕೆಲಸ ಬಿದ್ದವನದ್ದು. ಪಕ್ಕದಲ್ಲಿ ಹಾದುಹೋಗುವವನಿಗೆ ಇರೋದು ಬ್ಯಾಂಡೇಜಿನ ಕೆಲಸ.

ಈ ವ್ಯತ್ಯಾಸ ನಮ್ಮ ದೇಶದಲ್ಲಿ, ನಮ್ಮ ಕಣ್ಣೆದುರೇ ಒಬ್ಬ ಮುದಿ ಪಾದ್ರಿಯ ವಿಷಯದಲ್ಲಿ ಬಂತು. ಸ್ಟ್ಯಾನ್ ಸ್ವಾಮಿ. ತಮಿಳುನಾಡಿನ ತಿರುಚ್ಚಿ ಕಡೆಯ ಜೆಸ್ವಿಟ್, 1975ರಿಂದ ಹತ್ತು ವರ್ಷಕ್ಕೂ ಹೆಚ್ಚು ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು, ಆಮೇಲೆ ಜಾರ್ಖಂಡಿನ ಆದಿವಾಸಿಗಳ ನಡುವೆ ಬದುಕಿದವರು. 2020ರ ಅಕ್ಟೋಬರ್ 8ರಂದು ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಅವರನ್ನು ಯುಎಪಿಎ ಕಾಯ್ದೆಯಡಿ ಬಂಧಿಸಿದಾಗ 83 ವರ್ಷ, ಪಾರ್ಕಿನ್ಸನ್ಸ್ ಬೇರೆ. ಆರೋಪಗಳನ್ನು ಅವರು ಅಲ್ಲಗಳೆದಿದ್ದರು. ಕೈ ನಡುಗುವುದರಿಂದ ಲೋಟ ಹಿಡಿಯಲಾಗುವುದಿಲ್ಲ, ಸಿಪ್ಪರ್ ಕೊಡಿಸಿ ಅಂತ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ಅದರ ವಿಚಾರಣೆ ವಾರಗಟ್ಟಲೆ ಮುಂದಕ್ಕೆ ಹೋಯಿತು. ಪ್ರಕರಣದ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ನೀರು ಕುಡಿಯೋ ಲೋಟದ ವಿಷಯದಲ್ಲಿ ಎರಡು ಅಭಿಪ್ರಾಯ ಇರೋದಕ್ಕೆ ಹೇಗೆ ಸಾಧ್ಯ ಅಂತ ನನಗೆ ಅರ್ಥವಾಗಿಲ್ಲ. ವಿಚಾರಣೆ ಶುರುವಾಗುವ ಮೊದಲೇ, ಜಾಮೀನು ಅರ್ಜಿ ಬಾಕಿ ಇರುವಾಗಲೇ, 2021ರ ಜುಲೈ 5ರಂದು ಮುಂಬೈಯ ಆಸ್ಪತ್ರೆಯಲ್ಲಿ ತೀರಿಕೊಂಡರು.

ತಳೋಜಾ ಜೈಲಿನಿಂದ ಅವರು ಬರೆದ ಪತ್ರದ ವಿವರಗಳು ಆಗ ಪತ್ರಿಕೆಗಳಲ್ಲಿ ಬಂದಿದ್ದವು. ಅದರಲ್ಲಿ ದೇವರ ಬಗ್ಗೆ ಪ್ರವಚನ ಇರಲಿಲ್ಲ. ತಿಂಡಿ ತಿನ್ನೋಕೆ ಯಾರು ಸಹಾಯ ಮಾಡ್ತಾರೆ, ಸ್ನಾನಕ್ಕೆ ಯಾರು, ಬಟ್ಟೆ ಒಗೆದು ಮಂಡಿ ಒತ್ತಿಕೊಡುವವರು ಯಾರು ಅನ್ನೋದಿತ್ತು, ಬಟ್ಟೆ ಒಗೆದುಕೊಡುವವರು ಬಡ ಮನೆಯವರು, ಪ್ರಾರ್ಥನೆಯಲ್ಲಿ ಇವರೆಲ್ಲರನ್ನೂ ನೆನೆಸಿಕೊಳ್ಳಿ ಅಂತ ಇತ್ತು. ಐವತ್ತು ವರ್ಷ ಬೇರೆಯವರಿಗಾಗಿ ಓಡಾಡಿದ ಮನುಷ್ಯ ಬೇರೆಯವರ ಕೈತುತ್ತು ತಿನ್ನುವುದನ್ನು ಕಲಿತರು. ಅದರಲ್ಲಿ ಅವಮಾನ ಕಾಣಲಿಲ್ಲ, ಸ್ನೇಹ ಕಂಡರು. ಅದು ಅವರ ದೊಡ್ಡತನ. ಅದನ್ನು ಸಿಪ್ಪರ್ ತಡವಾದದ್ದಕ್ಕೆ ಸಮಾಧಾನವಾಗಿ ಬಳಸುವ ಹಕ್ಕು ಯಾರಿಗೂ ಇಲ್ಲ.

ಈ ಕೈತುತ್ತಿನ ವಿಷಯ ಪಾದ್ರಿಗಳಿಗೆ ನಮಗಿಂತ ಕಷ್ಟ ಅನ್ನಿಸುತ್ತೆ. ನಮ್ಮೂರಲ್ಲಿ ಮಕ್ಕಳೇ ಪೆನ್ಶನ್ನು, ಮಕ್ಕಳೇ ಇನ್ಶೂರೆನ್ಸು. ಪಾದ್ರಿಗೆ ಹೆಂಡತಿ ಮಕ್ಕಳಿಲ್ಲ. ಜನ ಅವರ ಹತ್ತಿರ ಬರುತ್ತಿದ್ದದ್ದು ಏನಾದರೂ ಕೇಳೋದಕ್ಕೆ, ಮದುವೆ, ನಾಮಕರಣ, ಸ್ಕೂಲ್ ಸೀಟು, ಗಂಡಹೆಂಡಿರ ಜಗಳ. ಚರ್ಚಿನ ಕಾನೂನು ಎಪ್ಪತ್ತೈದು ತುಂಬಿದ ವಿಚಾರಣಾ ಗುರುವನ್ನು ರಾಜೀನಾಮೆ ಕೊಡುವಂತೆ ಕೇಳಿಕೊಳ್ಳುತ್ತದೆ. ಅವತ್ತಿನಿಂದ ಕೇಳುವವರಿಲ್ಲ. ಪದವಿ, ಕೆಲಸ, ದನಿ ಒಂದೊಂದಾಗಿ ಕಳಚಿದ ಮೇಲೆ ಉಳಿಯುವ ಮನುಷ್ಯನಿಗೆ ದೇವರು ಏನಾಗಿ ಕಾಣುತ್ತಾನೆ ಅನ್ನೋದೇ ನಿಜವಾದ ಪ್ರಶ್ನೆ.

ಇದಕ್ಕೆ ಒಂದೇ ಉತ್ತರ ಇಲ್ಲ ಅನ್ನೋದಕ್ಕೆ ಇಬ್ಬರು ಪೋಪ್‌ಗಳೇ ಸಾಕ್ಷಿ. ಎರಡನೇ ಜಾನ್ ಪಾಲ್ ಪಾರ್ಕಿನ್ಸನ್ಸ್ ಇಟ್ಟುಕೊಂಡೇ ಕೊನೆಯವರೆಗೂ ಪದವಿ ಬಿಡಲಿಲ್ಲ. 2005ರ ಮಾರ್ಚ್ 27ರ ಈಸ್ಟರ್ ದಿನ ಕಿಟಕಿಗೆ ಬಂದು ನಿಂತು, ಸೇರಿದ ಜನಕ್ಕೆ ಏನೋ ಹೇಳಲು ಹೋಗಿ, ದನಿ ಬಾರದೆ, ಕೈಯಲ್ಲಿ ಶಿಲುಬೆಯ ಗುರುತು ಮಾಡಿ ಒಳಗೆ ಹೋದರು. ಆರು ದಿನಕ್ಕೆ ತೀರಿಕೊಂಡರು. ಆಮೇಲೆ ಬಂದ ಹದಿನಾರನೇ ಬೆನೆಡಿಕ್ಟ್ 2013ರ ಫೆಬ್ರವರಿಯಲ್ಲಿ, ಈ ಹೊರೆಗೆ ಬೇಕಾದ ಶಕ್ತಿ ನನ್ನಲ್ಲಿ ಉಳಿದಿಲ್ಲ ಅಂತ ಹೇಳಿ ಇಳಿದುಬಿಟ್ಟರು. ಒಬ್ಬರು ಹಿಡಿದುಕೊಂಡರು, ಇನ್ನೊಬ್ಬರು ಬಿಟ್ಟುಕೊಟ್ಟರು. ಯಾರ ನಂಬಿಕೆ ದೊಡ್ಡದು ಅಂತ ಜನ ಈಗಲೂ ವಾದ ಮಾಡ್ತಾರೆ. ನನ್ನ ಒಲವು ಸ್ವಲ್ಪ ಬೆನೆಡಿಕ್ಟ್ ಕಡೆ. ನಾನಿಲ್ಲದೆಯೂ ನಡೆಯುತ್ತೆ ಅಂತ ನಂಬೋದು ಕಷ್ಟದ ನಂಬಿಕೆ. ನಮ್ಮ ಆಫೀಸಿನಲ್ಲಿ ರಜೆ ಹಾಕಿ ಹೋದರೂ ಮೇಲ್ ನೋಡೋದು ಬಿಡದವರಿಗೆ ಇದು ಅರ್ಥವಾದೀತು.

ಥೆರಪಿಗೆ ಬರುತ್ತಿದ್ದ ಫಾದರ್ ಹತ್ತಿರ ಒಂದು ದಿನ ನೇರವಾಗೇ ಕೇಳಿದೆ, ಕಾಯಿಲೆ ಬಂದ ಮೇಲೆ ನಿಮ್ಮ ನಂಬಿಕೆ ಜಾಸ್ತಿ ಆಯ್ತಾ ಅಂತ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಜಾಸ್ತಿಯೋ ಕಡಿಮೆಯೋ ಅಂತ ಅಳೆಯೋದು ಬಿಟ್ಟಿದೀನಪ್ಪಾ. ಕಾಲೇಜು ನಡೆಸುವಾಗ ದಿನಾ ಅಳೀತಿದ್ದೆ. ಈಗ ರಾತ್ರಿ ನಿದ್ದೆ ಬರಲ್ಲ. ಕೆಲವು ರಾತ್ರಿ ಅವನು ಇದ್ದಾನೆ ಅನ್ಸುತ್ತೆ, ಕೆಲವು ರಾತ್ರಿ ಇಲ್ಲ. ಎರಡು ಥರದ ರಾತ್ರಿಯೂ ಜಪ ಮಾಡ್ತೀನಿ" ಅಂದರು. ಅದನ್ನೂ ಎರಡು ಸಲ ಹೇಳಿಸಿಕೊಂಡೆ, ದನಿ ಅಷ್ಟು ಸಣ್ಣದು.

ಹಾಗಾದರೆ ಈಗ ನಿಮ್ಮ ಕೆಲಸ ಏನು ಫಾದರ್ ಅಂದೆ, ಬೆಂಚ್ ಮೇಲೆ ಕೂತವರನ್ನು ಕೇಳುವ ಧಾಟಿಯಲ್ಲಿ. ಅವರು ನಕ್ಕು ಒಂದು ಸಂಗತಿ ಹೇಳಿದರು. ಯೇಸುಸಭೆಯಲ್ಲಿ ಯಾರು ಎಲ್ಲಿ ಯಾವ ಕೆಲಸದಲ್ಲಿದ್ದಾರೆ ಅನ್ನೋ ಪಟ್ಟಿ ಅಚ್ಚಾಗುತ್ತದೆ. ಕಾಯಿಲೆ ಬಿದ್ದು ಏನೂ ಮಾಡಲಾಗದವರ ಹೆಸರಿನ ಮುಂದೆಯೂ ಅದರಲ್ಲಿ ನಿವೃತ್ತ ಅಂತ ಬರೆಯಲ್ಲ. ಚರ್ಚಿಗಾಗಿ, ಸಭೆಗಾಗಿ ಪ್ರಾರ್ಥಿಸುತ್ತಾರೆ ಅಂತ ಬರೆಯುತ್ತಾರೆ, ಲ್ಯಾಟಿನ್ ಭಾಷೆಯಲ್ಲಿ. ಅದೇ ಡೆಸಿಗ್ನೇಶನ್. ಸ್ಟ್ರೋಕ್ ಆದ ಮೇಲೆ ಅರುಪೆ ಬದುಕಿದ್ದದ್ದು ಒಂಬತ್ತೂವರೆ ವರ್ಷ, 1991ರ ಫೆಬ್ರವರಿ 5ರ ತನಕ. ಮಾತು, ಓಡಾಟ ಇಲ್ಲದ, ಬೇಸರವೂ ಕತ್ತಲೂ ತುಂಬಿದ್ದ ಆ ವರ್ಷಗಳಲ್ಲಿ ಅವರಿಗೂ ಇದ್ದದ್ದು ಅದೇ ಕೆಲಸ.

"ನನ್ನ ಹತ್ರ ಒಂದು ಲಿಸ್ಟ್ ಇದೆ" ಅಂದರು ಫಾದರ್. ಜೇಬಿನಿಂದ ಒಂದು ಚಿಕ್ಕ ನೋಟ್‌ಬುಕ್ ತೆಗೆದು ನನ್ನ ಕೈಗೇ ಕೊಟ್ಟರು, ಬರೆಯೋಕೆ ಅವರ ಕೈ ಬಾರದು. ಮೊದಲಿನ ಪುಟಗಳಲ್ಲಿ ಅವರದೇ ಅಕ್ಷರ, ಆಮೇಲಿನವು ಯಾರ್ಯಾರದೋ. ಅಪ್ಪನ ಹೆಸರು ಬರೆದೆ. ಓದಿ ನೋಡಿ, ಅಮ್ಮನ ಹೆಸರೇನು ಅಂತ ಕೇಳಿದರು. ಅಮ್ಮ ಆರಾಮಾಗಿದ್ದಾರೆ ಫಾದರ್ ಅಂದೆ.

"ರಾತ್ರಿ ಯಜಮಾನ್ರನ್ನ ಹೊರಳಿಸಿ ಮಲಗಿಸೋರು ಯಾರು?"

ಅಮ್ಮನ ಹೆಸರನ್ನೂ ಬರೆದೆ.